ಮೂರು ಚುಕ್ಕಿ, ಪಕ್ಕದಲ್ಲೊಂದು ಪ್ಲಸ್ಸು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಚಿಕ್ಕಂದಿನಲ್ಲಿ ಪಕ್ಕದ ಮನೆಯವಳ ಲಂಗದ ಜರಿ ನನ್ನದಕ್ಕಿಂತ ಒಂದು ಬೆರಳು ಅಗಲವಿದ್ದರೆ ಸಾಕು, ಅವತ್ತು ನನಗೆ ಅನ್ನ ಸೇರುತ್ತಿರಲಿಲ್ಲ. ಅಂಥವೆಲ್ಲ ಬಂದು ಹೋಗುವ ಕಿಚ್ಚುಗಳು, ಬಿಡಿ. ಇಪ್ಪತ್ತು ವರ್ಷದಿಂದ ಆರದೆ ಉಳಿದಿರುವುದು ಒಂದೇ ಒಂದು, ಅಪ್ಪನ ಶಿಷ್ಯನ ಮೇಲಿನದು.

ಅಪ್ಪ ಕೊಳ್ಳೇಗಾಲದಲ್ಲಿ ನಲವತ್ತು ವರ್ಷ ಕಾರು ರಿಪೇರಿ ಮಾಡಿದವರು. ಊರಿಗೆಲ್ಲ ಮೇಸ್ತ್ರಿ. ನಾನು ಒಬ್ಬಳೇ ಮಗಳು. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಅಂಗಡಿ. ರೇಷ್ಮೆ ಸೀರೆಯ ಬ್ಲೌಸು ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ, ಜಂಬ ಅಂದರೆ ಅನ್ನಿ. ಆದರೆ ನನಗೆ ಚಿಕ್ಕಂದಿನಲ್ಲಿ ಆಸೆಯಿದ್ದದ್ದು ಕತ್ತರಿಯ ಮೇಲಲ್ಲ, ಅಪ್ಪನ ಸ್ಪ್ಯಾನರುಗಳ ಮೇಲೆ. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ಸಾಲಾಗಿ ಜೋಡಿಸಿಡುತ್ತಿದ್ದೆ. ಒಂದು ದಿನ ಬೋಲ್ಟೊಂದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಲು ಹೋದಾಗ ಅಪ್ಪ ಕಿತ್ತುಕೊಂಡರು.

"ಬ್ಯಾಡ ಕೂಸೇ. ಕೈಗೆ ಆಯಿಲ್ ಮೆತ್ಕಂಡ್ರೆ ನಾಳಿಕೆ ನಿಂಗೆ ರೇಷ್ಮೆ ಬಟ್ಟೆ ಯಾರು ಕೊಟ್ಟಾರು?"

ಸರಿ, ನನ್ನ ಒಳ್ಳೆಯದಕ್ಕೇ ಹೇಳಿದರು ಎಂದು ನುಂಗಿಕೊಂಡೆ. ಅದಾದ ಎಷ್ಟೋ ವರ್ಷಕ್ಕೆ ಇವನು ಬಂದ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಆಗ ಅವನಿಗೆ ಇಪ್ಪತ್ತು, ಕಾಲೇಜು ಬಿಟ್ಟು ಸುಮ್ಮನೆ ತಿರುಗುತ್ತಿದ್ದವನು. ನನ್ನಿಂದ ಕಿತ್ತುಕೊಂಡ ಸ್ಪ್ಯಾನರನ್ನು ಅಪ್ಪ ಅವನ ಕೈಗೆ ಕೊಟ್ಟರು. ನಾನು ಕಿಟಕಿಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕುತ್ತಾ, ರಸ್ತೆಯಾಚೆಯ ಶೆಡ್ಡಿನಲ್ಲಿ ಅವನು ಕಲಿಯುವುದನ್ನು ನೋಡಿದೆ. ಬೈಸಿಕೊಳ್ಳುತ್ತಾ ಕಲಿತ. ಆ ಬೈಗುಳದ ಮೇಲೂ ನನಗೆ ಹೊಟ್ಟೆಕಿಚ್ಚು, ಯಾಕೆಂದರೆ ಅಪ್ಪ ನನ್ನನ್ನು ಅಷ್ಟು ಮನಸ್ಸಿಟ್ಟು ಯಾವತ್ತೂ ಬೈದವರಲ್ಲ.

ಅಪ್ಪನ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಕೆಲಸ ಮುಗಿಸಿ ಮೇಲಿನ ಕವರ್ ಮುಚ್ಚುವ ಮೊದಲು, ಕೊನೆಯ ಬೋಲ್ಟು ಬಿಗಿ ಮಾಡಿದವರು ಆ ಕವರಿನ ಒಳಮೈಯಲ್ಲಿ ಮೊಳೆಯಿಂದ ತಮ್ಮ ಗುರುತು ಗೀರಬೇಕು. ಮುಚ್ಚಿದ ಮೇಲೆ ಅದು ಯಾರಿಗೂ ಕಾಣದು. ವರ್ಷಗಳ ಮೇಲೆ ಇನ್ಯಾರೋ ಬಿಚ್ಚಿದಾಗ, ಇದು ಇಂಥವರ ಕೈ ಎಂದು ಗೊತ್ತಾಗಬೇಕು. ಒಂದು ಕೆಲಸಕ್ಕೆ ಒಂದೇ ಗುರುತು. ಅಪ್ಪನದು ಮೂರು ಚುಕ್ಕಿ. ಇವನು ಸೇರಿದ ಮೂರನೇ ವರ್ಷ ಅಪ್ಪ ಮಧ್ಯಾಹ್ನ ಊಟಕ್ಕೆ ಕೂತವರು, "ಇವತ್ತು ಅವನು ಗುರ್ತು ಆಕ್ದ. ಪ್ಲಸ್ಸು" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನಾನು ಮೊದಲ ರೇಷ್ಮೆ ಬ್ಲೌಸು ಹೊಲಿದು ತೋರಿಸಿದಾಗ ಅಪ್ಪ ಅದನ್ನು ತಿರುಗಿಸಿಯೂ ನೋಡಿರಲಿಲ್ಲ. ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಟಣ್ಣನೆ ಬಿಟ್ಟು ಎದ್ದು ಹೋದೆ.

ಆಮೇಲೆ ಅವನು ಯಳಂದೂರು ರಸ್ತೆಯಲ್ಲಿ ತನ್ನದೇ ಗ್ಯಾರೇಜು ಹಾಕಿದ. ಆದರೂ ವಾರಕ್ಕೆರಡು ದಿನ ಅಪ್ಪನ ಶೆಡ್ಡಿಗೆ ಬಂದು ಹೋಗುತ್ತಿದ್ದ. ಇನ್ನೂ ಏನು ಕದಿಯಲು ಬರುತ್ತಾನೆ ಎಂದು ನಾನು ಗೊಣಗುತ್ತಿದ್ದೆ. ಮೂರು ವರ್ಷದ ಹಿಂದೆ ಅಪ್ಪನ ಬಲಗೈ ನಡುಗಲು ಶುರುವಾಯಿತು. ಕಾಫಿ ಲೋಟ ಎತ್ತಿದವರು ಪಂಚೆಯ ಮೇಲೆಲ್ಲ ಚೆಲ್ಲಿಕೊಂಡಾಗಲೇ ನನಗೆ ಗೊತ್ತಾದದ್ದು. ಡಾಕ್ಟರು ಮಾತ್ರೆ ಕೊಟ್ಟರು, ನಡುಕ ನಿಲ್ಲಲಿಲ್ಲ. ಅಪ್ಪ ಶೆಡ್ಡಿನ ಬಾಗಿಲು ಹಾಕಿ, ತಮ್ಮ ಮರೂನ್ ಬಣ್ಣದ ಕಾರನ್ನು ನಮ್ಮ ಮನೆಯ ಹಿಂದೆ ತಗಡಿನ ಕೆಳಗೆ ನಿಲ್ಲಿಸಿಕೊಂಡರು. ಗಿರಾಕಿಯೊಬ್ಬ ಬೇಡವೆಂದು ಬಿಟ್ಟುಹೋಗಿದ್ದ ಹಳೆಯ ಗಾಡಿ ಅದು, ಅಪ್ಪನೇ ತುಂಡು ತುಂಡಾಗಿ ಬಿಚ್ಚಿ ಬದುಕಿಸಿದ್ದು. ದಿನಾ ಬೆಳಿಗ್ಗೆ ಅದರೊಳಗೆ ಕೂತು ಎಂಜಿನ್ ಶುರು ಮಾಡಿ, ಐದು ನಿಮಿಷ ಕೇಳಿ, ಆಫ್ ಮಾಡಿ ಬರುತ್ತಿದ್ದರು.

ಈಗ ಒಂದು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ಎಂಜಿನ್ನಿನಿಂದ ಕಟಕಟ ಸದ್ದು ಬಂತು. ಅಪ್ಪ ಅರ್ಧ ನಿಮಿಷವೂ ಬಿಡದೆ ಕೀಲಿ ತಿರುಗಿಸಿ ಕೆಳಗಿಳಿದರು.

"ಟೆನ್ಷನರ್ ಓಯ್ತು" ಅಂದರು.

ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನನ್ನ ಹೊಲಿಗೆ ಮಿಷನ್ನಿನ ಬೆಲ್ಟು ಸಡಿಲವಾದರೆ ಹೊಲಿಗೆ ನಿಲ್ಲುತ್ತದೆ, ಅಷ್ಟೇ. ಕಾರಿನ ಟೈಮಿಂಗ್ ಬೆಲ್ಟು ಸಡಿಲವಾಗಿ ಒಂದೆರಡು ಹಲ್ಲು ಜಾರಿದರೆ ಮೇಲಿನ ವಾಲ್ವೂ ಕೆಳಗಿನ ಪಿಸ್ಟನ್ನೂ ಒಂದಕ್ಕೊಂದು ಬಡಿದು ಎಂಜಿನ್ನೇ ಹಾಳು. ಆ ಬೆಲ್ಟನ್ನು ಸದಾ ಬಿಗಿಯಾಗಿ ಒತ್ತಿ ಹಿಡಿಯುವುದು ಟೆನ್ಷನರ್. ಈ ಗಾಡಿಯಲ್ಲಿದ್ದದ್ದು ಒಳಗೆ ಎಣ್ಣೆ ತುಂಬಿ ಒತ್ತುವ ಜಾತಿಯದು. ಅದು ಸೋರಿಹೋಗಿತ್ತು. ಹೊಸದು ಈಗ ಎಲ್ಲಿಯೂ ಬರುವುದಿಲ್ಲ.

ಅವತ್ತು ಸಂಜೆ ಅಪ್ಪ ಶಿಷ್ಯನಿಗೆ ಫೋನು ಮಾಡಿದರು. ಕೈ ನಡುಗುವುದರಿಂದ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಸ್ಪೀಕರಿಗೆ ಹಾಕಿ ಮಾತಾಡುವುದು ರೂಢಿ. ನಾನು ಒಳಗೆ ಬಟ್ಟೆ ಕತ್ತರಿಸುತ್ತಿದ್ದೆ. ಎಲ್ಲವೂ ಕೇಳಿಸಿತು.

"ಇದೇ ಎಂಜಿನ್ನು ಮದ್ಲು ಬಂದಾಗ ಎಣ್ಣೆ ಟೆನ್ಷನರ್ ಇರ್ನಿಲ್ಲ ಕಣ್ಲಾ. ಸ್ಪ್ರಿಂಗ್ ಎಳ್ಯೋ ಪುಲ್ಲಿ ಇತ್ತು. ಅದ ತಂದು ಇದಕ್ಕೆ ಕೂರುಸ್ಬೋದು. ಸೀಳು ಪ್ಲೇಟಿನ ಪುಲ್ಲಿ ಒಂದು, ಅದರ ಸ್ಪ್ರಿಂಗ್ ಒಂದು. ಸ್ಪ್ರಿಂಗಿನ ಕೊಕ್ಕೆ ಸಿಗ್ಸಾಕೆ ಇದರ ಬ್ಲಾಕಲ್ಲಿ ಕಡ್ಡಿ ಇಲ್ಲ, ಲೇತಲ್ಲಿ ಒಂದು ಸ್ಟಡ್ ಮಾಡುಸ್ಬೇಕು. ಮೂರೇ ಸಾಮಾನು. ಆದ್ರೆ ಸಿಕ್ಕಬೇಕಲ್ಲ. ನನ್ ಕೈಲಿ ಆಗಲ್ಲ. ನೀನೇ ಗಾಡಿ ಎಳ್ಕೊಂಡೋಗ್ಬುಡು. ನಿನ್ ತಾವು ಇದ್ರೆ ಬದುಕ್ತದೆ."

ನನ್ನ ಕತ್ತರಿ ಅಲ್ಲೇ ನಿಂತಿತು. ಮೈಯೆಲ್ಲ ಉರಿದುಹೋಯಿತು. ಅವನ ತಾವು ಇದ್ದರೆ ಬದುಕುತ್ತದೆ, ಮಗಳ ತಾವು ಇದ್ದರೆ ಸಾಯುತ್ತದೆಯೇನು? ಎದುರಿಗಿದ್ದ ಬ್ಲೌಸಿನ ಅಳತೆ ಚೀಟಿಯ ಹಿಂದೆ ಆ ಮೂರು ಸಾಮಾನು ಬರೆದುಕೊಂಡೆ. ಹೊರಗೆ ಬಂದು ಫೋನು ಕಟ್ ಮಾಡಿದೆ.

"ಗಾಡಿ ಎಲ್ಲಿಗೂ ಓಗಲ್ಲ. ಸಾಮಾನು ನಾನು ತತ್ತೀನಿ."

ಅಪ್ಪ ನಕ್ಕರು. ನಗುವಿನಲ್ಲಿ ಕುಚೋದ್ಯವೇನೂ ಇರಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. "ಆಯ್ತು ಕಣವ್ವ. ಆಯುಧಪೂಜೆ ದಿವ್ಸ ಈ ಗಾಡಿ ತನ್ನ ಶಕ್ತೀಲಿ ಬೀದಿಗೆ ಬರ್ಬೇಕು. ಬಂದ್ರೆ ಮನೇಲಿರ್ಲಿ. ಇಲ್ದಿದ್ರೆ ಅವನು ತಕಂಡೋಗ್ಲಿ" ಎಂದರು. ಆಯುಧಪೂಜೆಗೆ ಐದು ವಾರವಿತ್ತು.

ನನ್ನ ಗಂಡ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ, ಒಳ್ಳೆಯ ಸಮಾಧಾನದ ಮನುಷ್ಯ. "ಅವನನ್ನೇ ಒಂದು ಮಾತು ಕೇಳ್ಬುಡು, ಮುಗೀತದೆ" ಎಂದರು. ನಾನು ನೋಡಿದ ನೋಟಕ್ಕೆ ಮತ್ತೆ ಆ ವಿಷಯ ಎತ್ತಲಿಲ್ಲ.

ಬ್ಲೌಸು ಹೊಲಿಸಲು ಬರುವವರಲ್ಲಿ ಎಲ್ಲ ಕಡೆಯವರೂ ಇರುತ್ತಾರೆ. ಪ್ರತಿಯೊಬ್ಬರ ತೋಳಿನ ಅಳತೆ ತೆಗೆಯುತ್ತಾ, ನಿಮ್ಮೂರಲ್ಲಿ ಯಾರಾದರೂ ಇಂಥ ಹಳೆಯ ಕಾರು ಇಟ್ಟುಕೊಂಡಿದ್ದಾರಾ ಎಂದು ಕೇಳಿದೆ. ಹತ್ತು ದಿನವಾದ ಮೇಲೆ ಹನೂರಿನ ಟೀಚರೊಬ್ಬರು, ರಾಮಾಪುರದಲ್ಲಿ ತಮ್ಮ ಪರಿಚಯದವರ ಹಿತ್ತಿಲಲ್ಲಿ ಒಂದಿದೆ, ಕೋಳಿ ಮೊಟ್ಟೆ ಇಡುತ್ತವೆ ಅದರಲ್ಲಿ ಎಂದರು. ಮಾರನೆಯ ದಿನವೇ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಹನೂರಿನಲ್ಲಿ ಇಳಿದು ಇನ್ನೊಂದು ಬಸ್ಸು. ಚೀಲದಲ್ಲಿ ನೀರಿನ ಬಾಟಲಿ, ಅಳತೆ ಟೇಪು, ಆ ಚೀಟಿ.

ಮನೆಯ ಯಜಮಾನರು ಅರವತ್ತು ದಾಟಿದ ರೈತರು. ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ಮುಗಿಸುತ್ತಿದ್ದರು. ಕಾರಿನ ನಾಲ್ಕೂ ಟೈರು ಮಣ್ಣಿನಲ್ಲಿ ಹೂತಿದ್ದವು. ಹಿಂದಿನ ಸೀಟಿನಲ್ಲಿ ನಿಜವಾಗಿಯೂ ಒಂದು ಕೋಳಿ ಕಾವಿಗೆ ಕೂತಿತ್ತು. ನಾನು ಬಂದ ಕೆಲಸ ಹೇಳಿದೆ.

"ಎನ್ನಮ್ಮಾ ಇದು, ಎಲ್ಲಾರ್ಗೂ ಅದೇ ಪುಲ್ಲಿ ಬೇಕಾ? ಓದ್ ವಾರ ಒಬ್ರು ಬಂದಿದ್ರು ಕೊಳ್ಳೇಗಾಲ್ದಿಂದ. ಗ್ಯಾರೇಜಿನವ್ರು. ನಾನು ಕೊಡ್ಲಿಲ್ಲ. ಯಾರೋ ಏನೋ, ಬಿಚ್ಕೊಂಡೋಗಿ ಯಾರ್ಗೋ ಮಾರ್ತಾರೆ ಅಂತ."

ಅವನೇ! ನನಗಿಂತ ಮುಂಚೆ ಬಂದಿದ್ದಾನೆ! ಗಾಡಿಯ ಮೇಲೆ ಅಷ್ಟು ಆಸೆಯೇ ಇವನಿಗೆ, ಗಡುವು ಮುಗಿಯುವ ಮೊದಲೇ ಸಾಮಾನು ಒಟ್ಟುಮಾಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬೆನ್ನಿಗೇ ಖುಷಿಯೂ ಆಯಿತು, ಅವನಿಗೆ ಕೊಟ್ಟಿಲ್ಲವಲ್ಲ. ಅಪ್ಪನ ಶೆಡ್ಡು ಎಲ್ಲಿತ್ತೆಂದು ಹೇಳಿ, ಅವರ ಮಗಳು ನಾನು ಎಂದೆ. ಯಜಮಾನರ ಮುಖ ಅರಳಿತು. ಆ ಕಾರು ಓಡುತ್ತಿದ್ದ ಕಾಲದಲ್ಲಿ ಅಪ್ಪನ ಹತ್ತಿರವೇ ರಿಪೇರಿಗೆ ತರುತ್ತಿದ್ದರಂತೆ. ಅವರ ಹೆಂಡತಿ ನನ್ನ ಬ್ಲೌಸಿನ ತೋಳನ್ನೇ ನೋಡುತ್ತಿದ್ದವರು, "ಇದು ನೀವೇ ಒಲ್ದಿದ್ದಾ?" ಎಂದರು. ಅಲ್ಲಿಗೆ ವ್ಯವಹಾರ ಕುದುರಿತು. ಪುಲ್ಲಿಗೆ ಬದಲು ಸೊಸೆಯದೂ ಸೇರಿ ಆರು ಬ್ಲೌಸು. ಅಲ್ಲೇ ಜಗುಲಿಯಲ್ಲಿ ಅಳತೆ ತೆಗೆದುಕೊಂಡೆ. ಯಜಮಾನರು ಟ್ರ್ಯಾಕ್ಟರಿನ ಸ್ಪ್ಯಾನರು ತಂದು ತಾವೇ ಬಿಚ್ಚಿದರು. ಪುಲ್ಲಿ, ಪ್ಲೇಟು ಚೆನ್ನಾಗಿ ಬಂದವು. ಸ್ಪ್ರಿಂಗು ಮಾತ್ರ ತುಕ್ಕು ಹಿಡಿದು ಕೊಕ್ಕೆಯಲ್ಲೇ ಮುರಿಯಿತು.

ಬಸ್ಸಿನಲ್ಲಿ ಆ ಎಣ್ಣೆ ಮೆತ್ತಿದ ಪುಲ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅಷ್ಟು ಸಂತೋಷ ನನ್ನ ಮದುವೆಯ ಸೀರೆ ತಂದ ದಿನವೂ ಆಗಿರಲಿಲ್ಲ.

ಸ್ಪ್ರಿಂಗಿಗೆ ಕೊಳ್ಳೇಗಾಲದ ಸ್ಪೇರ್ ಅಂಗಡಿಗಳನ್ನೆಲ್ಲ ಸುತ್ತಿದೆ. ಕೊನೆಯ ಅಂಗಡಿಯವರು ಮುರಿದ ಸ್ಪ್ರಿಂಗನ್ನು ತಿರುಗಿಸಿ ನೋಡಿ, "ಅಯ್ಯೋ, ಹಳೇ ಸ್ಟಾಕಲ್ಲಿ ಒಂದೇ ಒಂದಿತ್ತು. ಮೊನ್ನೆ ತಾನೇ ತಕಂಡೋದ್ರು ನಿಮ್ಮ ತಂದೆ ಶಿಷ್ಯರು" ಎಂದರು. ಅಲ್ಲಿಗೆ ಪುಲ್ಲಿ ನನ್ನ ಹತ್ತಿರ, ಸ್ಪ್ರಿಂಗು ಅವನ ಹತ್ತಿರ. ಕೇಳಿದರೆ ಐದು ನಿಮಿಷದ ಕೆಲಸ. ನನ್ನ ನಾಲಿಗೆ ಬಿದ್ದುಹೋದರೂ ಸರಿ, ಕೇಳುವುದಿಲ್ಲ ಎಂದು ಮನೆಗೆ ಬಂದೆ.

ಆ ವಾರದಲ್ಲೇ ಅವನು ಒಂದು ಮಧ್ಯಾಹ್ನ ಬಂದ. ಗೇಟಿನ ಆಚೆ ನಿಂತು, ಒಂದು ಕೈ ಅಂಗಿಯ ಜೇಬಿಗೆ ಹಾಕಿಕೊಂಡು, "ಮೇಸ್ತ್ರಿ ಅವ್ರಾ ಅಕ್ಕ?" ಎಂದು ಕೇಳಿದ.

"ಮಲಗವ್ರೆ" ಎಂದೆ.

ಒಳಗೆ ಅಪ್ಪ ರೇಡಿಯೋ ಕೇಳುತ್ತಾ ಕೆಮ್ಮುತ್ತಿದ್ದರು. ಅವನಿಗೆ ಕೇಳಿಸಿತು. ನನಗೂ ಕೇಳಿಸಿತು. ಅವನು ಒಂದು ಗಳಿಗೆ ನಿಂತ, ಜೇಬಿನಿಂದ ಬರಿಗೈ ತೆಗೆದ, ತಲೆ ಅಲ್ಲಾಡಿಸಿ ಹೊರಟುಹೋದ.

ನನ್ನ ಗಂಡ ಮುರಿದ ಸ್ಪ್ರಿಂಗನ್ನು ಕುಂತೂರಿಗೆ ಒಯ್ದು, ಕಬ್ಬಿನ ಟ್ರ್ಯಾಕ್ಟರುಗಳಿಗೆ ಸಾಮಾನು ಮಾರುವ ಅಂಗಡಿಯಿಂದ ಅದೇ ಉದ್ದದ್ದೊಂದನ್ನು ತಂದುಕೊಟ್ಟರು. ಅಪ್ಪನಿಗೆ ತೋರಿಸಲಿಲ್ಲ. ಎಲ್ಲ ಸಾಮಾನನ್ನೂ ಒಟ್ಟಿಗೇ ತಂದು ಎದುರಿಗೆ ಸುರಿಯಬೇಕೆಂಬ ಹಠ.

ಉಳಿದದ್ದು ಸ್ಟಡ್. ಅದಕ್ಕೆ ಯಳಂದೂರಿಗೆ ಹೋದೆ. ದಾರಿಯಲ್ಲಿ ಅವನ ಗ್ಯಾರೇಜು ಬರುತ್ತದೆ, ಬಸ್ಸಿನಲ್ಲಿ ಆ ಕಡೆಯ ಕಿಟಕಿಯಲ್ಲಿ ಕೂತವಳು ಮುಖ ತಿರುಗಿಸಿಕೊಂಡೆ. ಆದರೂ ಎಷ್ಟು ಗಾಡಿ ನಿಂತಿವೆ ಎಂದು ಓರೆಗಣ್ಣಿನಲ್ಲಿ ಎಣಿಸದೆ ಇರಲಾಗಲಿಲ್ಲ. ಏಳು. ಯಳಂದೂರಿನಲ್ಲಿ ಬಿಳಿಗಿರಿರಂಗನ ಬೆಟ್ಟದ ದಾರಿಗೆ ಒಂದು ಲೇತ್ ಅಂಗಡಿಯಿದೆ. ಬೆಟ್ಟ ಹತ್ತುವ ಜೀಪುಗಳ ಕೆಲಸವೆಲ್ಲ ಅಲ್ಲೇ. ಲೇತಿನವರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, "ಸ್ಯಾಂಪಲ್ ತಂದಿದ್ದೀರಾ ಅಕ್ಕಾವ್ರೆ?" ಎಂದರು.

ಸ್ಯಾಂಪಲ್ ಎಲ್ಲಿಂದ ತರಲಿ? ನನ್ನ ಗಂಡ ಗಾಡಿಯ ಕೆಳಗಿನ ಕವರ್ ತೆಗೆದು ಬಿಚ್ಚಿಕೊಟ್ಟಿದ್ದ ಹಳೆಯ ಟೆನ್ಷನರಿನ ಬೋಲ್ಟು ಒಂದು ಕೊಟ್ಟು, ಮರೆ, ಅಂದರೆ ಸ್ಕ್ರೂವಿನ ಸುತ್ತು, ಹೀಗೆಯೇ ಇರಲಿ ಎಂದೆ. ತಲೆಯ ಹತ್ತಿರ ಸ್ಪ್ರಿಂಗ್ ಸಿಕ್ಕಿಸಲು ಒಂದು ಕಚ್ಚು ಬೇಕು ಎಂದೆ. ಉದ್ದವನ್ನು ನಾನೇ ಆ ಕೆಳಗಿನ ಸಂದಿಯಲ್ಲಿ ಟೇಪು ಹಿಡಿದು ಅಳೆದು ಚೀಟಿಯಲ್ಲಿ ಬರೆದು ತಂದಿದ್ದೆ. ಅವರು ಚೀಟಿ ನೋಡಿ, "ಇಷ್ಟುದ್ದಾನಾ?" ಎಂದು ಕೇಳಿದರು. "ಹೂಂ, ಅಷ್ಟೇ. ನನಗೆ ಅಳತೆ ಹೇಳ್ಕೊಡ್ತೀರಾ?" ಎಂದು ರೇಗಿದೆ. ಪಾಪ, ಮತ್ತೆ ಬಾಯಿ ಬಿಡಲಿಲ್ಲ. ಚಕಚಕನೆ ಹೊಳೆಯುವ ಸ್ಟಡ್ ಮಾಡಿಕೊಟ್ಟರು.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಮೂರೂ ಸಾಮಾನನ್ನು ತಾಂಬೂಲದ ತಟ್ಟೆಯಲ್ಲಿಟ್ಟು ಅಪ್ಪನ ಮುಂದೆ ಹಿಡಿದೆ. ಅಪ್ಪ ಪುಲ್ಲಿಯನ್ನು ಎಡಗೈಯಲ್ಲಿ ತಿರುಗಿಸಿ ಕಿವಿಯ ಹತ್ತಿರ ಹಿಡಿದು ಕೇಳಿದರು.

"ಬೇರಿಂಗು ಚೆನ್ನಾಗದೆ. ಎಲ್ಲಿ ಸಿಕ್ತು ಕೂಸೇ?"

"ರಾಮಾಪುರದಲ್ಲಿ. ನಿಮ್ಮ ಶಿಷ್ಯಂಗೆ ಕೊಟ್ಟಿಲ್ಲ, ನಂಗೆ ಕೊಟ್ರು" ಎಂದೆ. ಎದೆ ಉಬ್ಬಿತ್ತು.

ಗಾಡಿಯ ಪಕ್ಕ ಅಪ್ಪನಿಗೆ ಸ್ಟೂಲು ಹಾಕಿದೆ. ಹಳೆಯ ಲೈನಿಂಗ್ ಬಟ್ಟೆಯನ್ನು ಎರಡೂ ಕೈಗೆ ಸುತ್ತಿಕೊಂಡೆ. ಅವರು ಬೆರಳು ತೋರಿಸಿದ ಬೋಲ್ಟನ್ನು ನಾನು ಬಿಚ್ಚಿದೆ. ಮೂವತ್ತು ವರ್ಷದ ಆಸೆ ನೋಡಿ, ಒಂದೊಂದು ಬೋಲ್ಟು ಸಡಿಲಾದಾಗಲೂ ಒಳಗೊಳಗೇ ನಗು ಬರುತ್ತಿತ್ತು. ಮೇಲಿನ ಕವರ್ ಕೈಗೆ ಬಂತು. ತಿರುಗಿಸಿ ಒಳಮೈ ನೋಡಿದೆ. ಮೇಲೆ ಅಪ್ಪನ ಮೂರು ಚುಕ್ಕಿ, ನೆಟ್ಟಗೆ, ದಾರದಲ್ಲಿ ಅಳೆದ ಹಾಗೆ. ಅದರ ಕೆಳಗೆ ಇನ್ನೊಂದು ಸಲದ ಗುರುತು. ಮೂರು ಚುಕ್ಕಿಯೇ, ಆದರೆ ಒಂದು ಇಲ್ಲಿ, ಒಂದು ಅಲ್ಲಿ, ಮೂರನೆಯದು ಉದ್ದಕ್ಕೆ ಎಳೆದುಹೋಗಿತ್ತು. ಅದರ ಪಕ್ಕದಲ್ಲಿ ಒಂದು ಪ್ಲಸ್ಸು.

"ಇದ್ಯಾವಾಗಿನದು? ಒಂದು ಕೆಲಸಕ್ಕೆ ಎರಡು ಗುರುತಾ?" ಎಂದೆ.

"ಅದಾ? ಆರೊರ್ಸ ಆಯ್ತು" ಎಂದು ಅಪ್ಪ ಬೇರೆ ಕಡೆ ನೋಡಿದರು. ನನಗೆ ಚೆನ್ನಾಗಿ ನೆನಪಿತ್ತು. ಆರು ವರ್ಷದ ಹಿಂದೆ ಈ ಗಾಡಿಗೆ ಬೆಲ್ಟು ಹಾಕಿ ಬಂದ ದಿನ, ಒಬ್ಬನೇ ಮಾಡಿ ಮುಗಿಸಿದೆ ಎಂದು ಅಪ್ಪ ಹೇಳಿದ್ದರು. ಅಂಥ ಕಡೆಯೂ ಅವನು ತನ್ನ ಪ್ಲಸ್ಸು ತುರುಕಿದ್ದಾನಲ್ಲ ಎಂದು ಹಲ್ಲು ಕಡಿದೆ.

ಅಪ್ಪ ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದ ಹೊಸ ಬೆಲ್ಟು ಹಾಕಿದ್ದಾಯಿತು. ಪುಲ್ಲಿ ಕೂತಿತು. ಸ್ಟಡ್ ಮರೆ ಹಿಡಿಯಿತು. ಸ್ಪ್ರಿಂಗು ಕೊಟ್ಟಾಗ ಅಪ್ಪ ಎಳೆದು ನೋಡಿ ಪಕ್ಕಕ್ಕಿಟ್ಟರು.

"ಇದು ಟ್ರ್ಯಾಕ್ಟರ್ ಬ್ರೇಕಿಂದು ಕಣವ್ವ. ಇದ ಆಕುದ್ರೆ ಬೆಲ್ಟು ಅರಿದೋಯ್ತದೆ."

ಅದೊಂದು ಏಟು. ಆಮೇಲೆ ಅಪ್ಪ, ಕವರ್ ಒಂದು ಸಲ ಸುಮ್ಮನೆ ಇಟ್ಟು ನೋಡು ಎಂದರು. ಇಟ್ಟೆ. ಕೂರಲಿಲ್ಲ. ಸ್ಟಡ್ಡಿನ ತಲೆ ಕವರಿಗೆ ತಾಗಿ ಅರ್ಧ ಇಂಚು ಎದ್ದು ನಿಂತಿತು. ಅಪ್ಪ ಚೀಟಿ ಕೇಳಿದರು. ನೋಡಿದರು. "ಅಳತೆ ಸರಿಯಾಗೇ ಅದೆ. ಇದೇನು, ಪಕ್ಕದಲ್ಲಿ ಇನ್ನರ್ಧ ಇಂಚು ಕೂಡ್ಸಿದ್ದೀಯ?"

ನನ್ನ ಕಿವಿ ಬಿಸಿಯಾಯಿತು. ಇಪ್ಪತ್ತೈದು ವರ್ಷ ಹೊಲಿದ ಕೈ. ಯಾವ ಅಳತೆ ಬರೆದರೂ ಹೊಲಿಗೆಗೆ ಅರ್ಧ ಇಂಚು ತಾನಾಗಿಯೇ ಸೇರಿಸಿಬಿಡುತ್ತದೆ. ಕಬ್ಬಿಣಕ್ಕೂ ಸೇರಿಸಿದ್ದೆ.

"ಅವನ್ನ ಕರಿ" ಎಂದರು ಅಪ್ಪ.

"ಕರೆಯಲ್ಲ."

"ಹಂಗಾರೆ ನಾಳಿಕೆ ಗಾಡಿ ಅವನೇ ಎಳ್ಕೊಂಡೋಯ್ತಾನೆ. ನೋಡ್ಕ."

ಬಾವಿಕಟ್ಟೆಯ ಹತ್ತಿರ ಹೋಗಿ ಎರಡು ಸಲ ಕೈ ತೊಳೆದೆ. ಅತ್ತೆ ಕೂಡ. ಸುಳ್ಳೇಕೆ ಹೇಳಲಿ, ಅತ್ತದ್ದು ಸಿಟ್ಟಿಗೆ. ಆಮೇಲೆ ಫೋನು ಮಾಡಿ, "ಬಾ, ಅಪ್ಪ ಕರೀತವ್ರೆ" ಎಂದಷ್ಟೇ ಹೇಳಿ ಇಟ್ಟೆ.

ಕಾಲು ಗಂಟೆಯಲ್ಲಿ ಬಂದ. ಬಂದವನು ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಗೇ ಕೊಟ್ಟ. ಬಿಚ್ಚಿದೆ. ಸ್ಪ್ರಿಂಗು.

"ಅವತ್ತೇ ಕೊಡಾಣ ಅಂತ ಬಂದಿದ್ದೆ ಅಕ್ಕ. ನೀವು ಗೇಟಲ್ಲೇ ನಿಲ್ಲುಸ್ಬುಟ್ರಿ."

ಅವನು ಸ್ಟಡ್ ನೋಡಿದ, ಕವರ್ ನೋಡಿದ, ತಟ್ಟೆಯಲ್ಲಿದ್ದ ಚೀಟಿ ನೋಡಿದ. ಅವನಿಗೆ ಅರ್ಥವಾಗಿಹೋಯಿತು. ತುಟಿ ಕಚ್ಚಿಕೊಂಡು, "ಬೋಲ್ಟು ತೊಳುದ್ರೆ ಕುಗ್ಗಲ್ಲ ಕಣಕ್ಕ" ಎಂದ. ಅಪ್ಪ ಸ್ಟೂಲಿನ ಮೇಲೆ ಅಲುಗಾಡಿ ಹೋಗುವಷ್ಟು ನಕ್ಕರು. ನನಗೆ ಅವನ ತಲೆಯ ಮೇಲೆ ಸ್ಪ್ಯಾನರ್ ಕುಕ್ಕುವಷ್ಟು ಕೋಪ ಬಂತು.

ಅವನು ಸ್ಟಡ್ಡನ್ನು ಇಕ್ಕಳದಲ್ಲಿ ಬಿಗಿಹಿಡಿದು ಅರ್ಧ ಇಂಚು ಕೊಯ್ದು, ಅಂಚನ್ನು ಅರದಿಂದ ಉಜ್ಜಿ, ಹೊಸದಾಗಿ ಕಚ್ಚು ಮಾಡಿಕೊಟ್ಟ. ಸ್ಪ್ರಿಂಗು ಟಕ್ಕೆಂದು ಸಿಕ್ಕಿಕೊಂಡಿತು. ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದ್ದಾಯಿತು. ಇನ್ನು ಉಳಿದದ್ದು ಪುಲ್ಲಿಯ ಬೋಲ್ಟು ಬಿಗಿ ಮಾಡುವುದು. ಬೆಲ್ಟಿನ ಬಿಗಿ ನಿಲ್ಲುವುದು ಆ ಒಂದು ಬೋಲ್ಟಿನ ಮೇಲೆ.

"ಅದ ನಾನೇ ಮಾಡ್ತೀನಿ" ಎಂದು ಅಪ್ಪ ಎದ್ದರು.

ಸ್ಪ್ಯಾನರ್ ಹಿಡಿದರು. ಬಲಗೈ ನಡುಗಿ ಸ್ಪ್ಯಾನರ್ ಬೋಲ್ಟಿನ ತಲೆಗೆ ಟಿಣಟಿಣ ಬಡಿಯಿತು. ಕೂರಲೇ ಇಲ್ಲ. ಅದನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ಸದ್ದು ನಿಂತಿತು. ತಲೆ ಎತ್ತಿದರೆ, ಅವನು ಅಪ್ಪನ ಮಣಿಕಟ್ಟಿನ ಕೆಳಗೆ ಅಂಗೈ ಕೊಟ್ಟು ನಿಂತಿದ್ದ. ಅವನು ಕೈ ಕಡೆ ನೋಡುತ್ತಲೂ ಇರಲಿಲ್ಲ, ಬೆಲ್ಟು ನೋಡುತ್ತಿದ್ದ. ಅಪ್ಪನೂ ಅವನ ಕಡೆ ನೋಡಲಿಲ್ಲ. ಇಬ್ಬರಿಗೂ ಅದು ದಿನದ ಕೆಲಸದಂತಿತ್ತು. ನಡುಕ ನಿಂತ ಕೈ ಸ್ಪ್ಯಾನರನ್ನು ಬೋಲ್ಟಿಗೆ ಕೂರಿಸಿತು.

ಆಗ ನನಗೆ ಹೊಳೆಯಿತು. ಆ ಸೊಟ್ಟ ಚುಕ್ಕಿಗಳು. ಅದರ ಪಕ್ಕದ ಪ್ಲಸ್ಸು. ವಾರಕ್ಕೆರಡು ದಿನ ಅವನು ಶೆಡ್ಡಿಗೆ ಬರುತ್ತಿದ್ದದ್ದು.

"ಯಾವಾಗಿಂದ?" ಎಂದೆ.

"ಆರೊರ್ಸದಿಂದ ಅಕ್ಕ. ಮನೇಲಿ ಹೇಳ್ಬ್ಯಾಡ ಅಂದಿದ್ರು ಮೇಸ್ತ್ರಿ."

"ಹೇಳಿದ್ರೆ ಇವಳು ನನ್ನ ಗಾಡಿ ಮುಟ್ಟಾಕೆ ಬುಡ್ತಿದ್ಲಾ?" ಎಂದರು ಅಪ್ಪ, ಬೋಲ್ಟಿನಿಂದ ಕಣ್ಣು ತೆಗೆಯದೆ.

ಬಿಡುತ್ತಿರಲಿಲ್ಲ, ಅದು ನಿಜ. ಆದರೆ ಅವತ್ತು ನನ್ನ ಹೊಟ್ಟೆಯಲ್ಲಿ ಎದ್ದ ಉರಿ ಹಿಂದೆಂದೂ ಎದ್ದಿರಲಿಲ್ಲ. ಅಪ್ಪ ಅವನಿಗೆ ವಿದ್ಯೆ ಕೊಟ್ಟಾಗ ಸಹಿಸಿಕೊಂಡಿದ್ದೆ. ನಾಲ್ಕು ವರ್ಷ, ಒಂದೇ ಮನೆಯಲ್ಲಿ ಮುದ್ದೆ ಬಡಿಸುವ ನನಗೆ ತೋರಿಸದ ನಡುಗುವ ಕೈಯನ್ನು ಅವನಿಗೆ ಕೊಟ್ಟಿದ್ದರು. ಬ್ಲೌಸಿನ ತೋಳಿನಲ್ಲಿ ಒಂದು ನೂಲು ವ್ಯತ್ಯಾಸವಾದರೂ ಕಂಡುಹಿಡಿಯುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವನ ಮೇಲೆ ಕೂಗಾಡೋಣವೆಂದರೆ ಏನೆಂದು ಕೂಗಲಿ?

ಅವನು ನನ್ನ ಮುಖ ನೋಡಿದ. ಬೋಲ್ಟು ಇನ್ನೂ ಪೂರ್ತಿ ಬಿಗಿಯಾಗಿರಲಿಲ್ಲ.

"ಬನ್ನಿ ಅಕ್ಕ. ನೀವು ಇಡ್ಕಳಿ" ಎಂದ.

ನಾನು ಲೈನಿಂಗ್ ಬಟ್ಟೆ ಬಿಚ್ಚಿ ಎಸೆದೆ. ಅಪ್ಪನ ಕೈಯನ್ನು ಗಬಕ್ಕನೆ ಹಿಡಿದೆ.

"ಹಂಗಲ್ಲ, ಗಟ್ಟಿಯಾಗಿ ಇಡೀಬ್ಯಾಡಿ. ಇಡುದ್ರೆ ಜಾಸ್ತಿ ನಡುಗ್ತದೆ. ಕೆಳಗಿಂದ ಸುಮ್ನೆ ಆಸರೆ ಕೊಡಿ. ಇಲ್ಲಿ, ಮೂಳೆ ತಾವು. ಅವರೇ ನಿಮ್ ಮೇಲೆ ಭಾರ ಬುಡ್ತಾರೆ, ಆಗ ನಿಲ್ತದೆ."

ಸಡಿಲ ಮಾಡಿದೆ. ಒಂದು ಗಳಿಗೆ ಅಪ್ಪನ ಕೈ ನನ್ನ ಅಂಗೈ ಮೇಲೆ ಹಕ್ಕಿಯ ಹಾಗೆ ಪಟಪಟ ಹೊಡೆದುಕೊಂಡಿತು. ಆಮೇಲೆ ಭಾರ ಬಿಟ್ಟಿತು. ನಿಂತಿತು. ಅಪ್ಪ ಬೋಲ್ಟನ್ನು ಬಿಗಿ ಮಾಡಿದರು. ಎಡಗೈಯ ಎರಡು ಬೆರಳಲ್ಲಿ ಬೆಲ್ಟನ್ನು ಹೊರಳಿಸಿ ನೋಡಿ, "ನೀನು ನೋಡು" ಎಂದರು. ಇಷ್ಟು ವರ್ಷ ಕಿಟಕಿಯಿಂದ ನೋಡಿದ್ದನ್ನು ಅವತ್ತು ನನ್ನ ಬೆರಳಿನಿಂದ ಮಾಡಿದೆ. ಬೆಲ್ಟು ಅರ್ಧಕ್ಕೆ ಹೊರಳಿ ನಿಂತಿತು, ಅದಕ್ಕಿಂತ ಮುಂದೆ ಬರಲಿಲ್ಲ.

"ಸರಿ ಇದೆ" ಎಂದೆ.

"ಸರಿ ಅದೆ" ಎಂದರು ಅಪ್ಪ.

ಗುರುತು ಹಾಕುವಾಗಲೂ ಅಪ್ಪನ ಮಣಿಕಟ್ಟು ನನ್ನ ಅಂಗೈಯಲ್ಲೇ ಇತ್ತು. ಮೂರು ಚುಕ್ಕಿ ನೆಟ್ಟಗೆ ಬಂದವು, ಮೂರನೆಯದು ಸ್ವಲ್ಪ ಕೆಳಗೆ. ಅಪ್ಪ ಅಭ್ಯಾಸದಂತೆ ಮೊಳೆಯನ್ನು ಶಿಷ್ಯನ ಕಡೆ ನೀಡಿದರು. ಅವನು ತೆಗೆದುಕೊಂಡು ನನ್ನ ಕೈಗೆ ಕೊಟ್ಟ. ನಾನು ಒಂದು ಕತ್ತರಿ ಗೀರಿದೆ. ಅವನ ಹಳೆಯ ಪ್ಲಸ್ಸಿಗಿಂತ ಅರ್ಧ ಇಂಚು ದೊಡ್ಡದಾಗಿ.

ಮಾರನೆಯ ದಿನ ಗಾಡಿ ತನ್ನ ಶಕ್ತಿಯಲ್ಲೇ ಬೀದಿಗೆ ಬಂತು. ಒಂದು ಚೂರೂ ಕಟಕಟ ಇರಲಿಲ್ಲ. ಹೂವು ಹಾಕಿ, ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದಾಯಿತು. ಪೂಜೆಗೆ ಬಂದ ಗಿರಾಕಿಯೊಬ್ಬಳು ನನ್ನ ಉಗುರಿನ ಕಪ್ಪು ನೋಡಿ ತನ್ನ ರೇಷ್ಮೆ ಬಟ್ಟೆಯ ಚೀಲವನ್ನು ಹಿಂದಕ್ಕೆಳೆದುಕೊಂಡಳು. ಎಳೆದುಕೊಳ್ಳಲಿ.

"ಗಾಡಿ ಮನೇಲೇ ಇರ್ತದೆ. ಓಡ್ಸಾಕೆ ನೀನು ಬತ್ತಾ ಇರು" ಎಂದು ಅಪ್ಪ ಶಿಷ್ಯನಿಗೆ ಕೀಲಿ ಕೊಟ್ಟರು. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಕಾರು ಓಡಿಸಲು ಬರುವುದಿಲ್ಲ, ಏನು ಮಾಡುವುದು? ಅವನು ಮುಂದೆ ಕೂತ. ಅಪ್ಪ ಮತ್ತು ನಾನು ಹಿಂದೆ. ಯಳಂದೂರು ರಸ್ತೆಗೆ ತಿರುಗುವ ಹೊತ್ತಿಗೆ ತೊಡೆಯ ಮೇಲಿದ್ದ ಅಪ್ಪನ ಬಲಗೈ ನಡುಗತೊಡಗಿತು. ಮಣಿಕಟ್ಟಿನ ಕೆಳಗೆ ಅಂಗೈ ಕೊಟ್ಟೆ, ಅವನು ಹೇಳಿಕೊಟ್ಟಂತೆಯೇ. ಭಾರ ಬಿಟ್ಟಿತು. ನಿಂತಿತು. ಮುಂದಿನ ಕನ್ನಡಿಯಲ್ಲಿ ಅವನು ನಮ್ಮಿಬ್ಬರ ಕೈಯನ್ನು ನೋಡಿದ. ಒಂದು ಸಲವಲ್ಲ, ಎರಡು ಮೂರು ಸಲ. ಆ ನೋಟ ಎಂಥದ್ದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ವರ್ಷ ನಾನು ಕಿಟಕಿಯಿಂದ ಹಾಗೆಯೇ ನೋಡಿದವಳು.

ಅಪ್ಪನ ಕೈಯನ್ನು ಅವನಿಗೆ ಚೆನ್ನಾಗಿ ಕಾಣುವ ಹಾಗೆ ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದೆ.